148 ಮೊಟ್ಟೆ, 30ರ ಟ್ರೇ: ಒಂದು ಪೀರಿಯಡ್‌ಗೆ ಒಂದೇ ಲೆಕ್ಕ ಸಾಕು

“ಮಿಸ್, ಇದು ಕೂಡೋದಾ, ಕಳೆಯೋದಾ?”

ನಾಲ್ಕನೇ, ಐದನೇ ತರಗತಿಯ ಗಣಿತದ ಪೀರಿಯಡ್‌ನಲ್ಲಿ ಈ ಪ್ರಶ್ನೆ ಕೇಳದ ದಿನ ಕಡಿಮೆ. ಮಗು ಲೆಕ್ಕದಿಂದ ಎರಡು ಸಂಖ್ಯೆಗಳನ್ನು ಹೆಕ್ಕಿಕೊಂಡಿದೆ. ಏನು ಮಾಡಬೇಕು ಅಂತ ಹೇಳಿಬಿಟ್ಟರೆ ಮಾಡಿ ಮುಗಿಸಲು ತಯಾರಾಗಿದೆ. ಲೆಕ್ಕದೊಳಗೆ ನಡೆಯುತ್ತಿರುವುದೇನು ಎಂಬುದರ ಕಡೆಗೆ ಮಾತ್ರ ಅದರ ಗಮನ ಹೋಗಿಲ್ಲ. ಇದು ಮಗುವಿನ ತಪ್ಪಲ್ಲ. ಬೋರ್ಡಿನ ಮೇಲೆ ಒಂದು ಮಾದರಿ ಲೆಕ್ಕ ಬಿಡಿಸಿ, ಅದೇ ಥರದ ಹತ್ತು ಲೆಕ್ಕ ಕೊಟ್ಟರೆ ಹತ್ತಕ್ಕೂ ಯೋಚಿಸುವ ಅಗತ್ಯವೇ ಬರುವುದಿಲ್ಲ. ಮಾದರಿಯಲ್ಲಿ ಸಂಖ್ಯೆ ಬದಲಾಯಿಸಿದರೆ ಆಯಿತು.

ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ನಡೆದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಹೀಗೊಂದು ಪ್ರಶ್ನೆ ಇತ್ತು: 1128 ಸೈನಿಕರನ್ನು ಕರೆದೊಯ್ಯಬೇಕು, ಒಂದು ಬಸ್ಸಿನಲ್ಲಿ 36 ಜನ ಹಿಡಿಸುತ್ತಾರೆ, ಎಷ್ಟು ಬಸ್ಸು ಬೇಕು? ಸುಮಾರು ಶೇ 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಆದರೆ 32 ಬಸ್ಸು ಎಂದು ಉತ್ತರಿಸಿದವರು ಶೇ 23ರಷ್ಟು ಮಾತ್ರ. ಉಳಿದವರಲ್ಲಿ ಹೆಚ್ಚಿನವರು 31 ಎಂದರು, ಇಲ್ಲವೇ ‘31, ಶೇಷ 12’ ಎಂದು ಬರೆದಿಟ್ಟರು. ಶೇಷ 12 ಎಂದರೆ ರಸ್ತೆಯಲ್ಲೇ ಉಳಿದ 12 ಮಂದಿ ಎಂದು ಅವರಿಗೆ ಹೊಳೆಯಲಿಲ್ಲ.

ಇದಕ್ಕೆ ಪರಿಹಾರ ಹೆಚ್ಚು ಲೆಕ್ಕ ಕೊಡುವುದಲ್ಲ. ವಾರಕ್ಕೆ ಒಂದು ಪೀರಿಯಡ್ಡನ್ನಾದರೂ ಒಂದೇ ಲೆಕ್ಕಕ್ಕೆ ಮೀಸಲಿಟ್ಟು, ವಿಧಾನವನ್ನು ಮೊದಲೇ ಹೇಳಿಕೊಡದೆ ಮಕ್ಕಳಿಗೆ ಬಿಡುವುದು. 40 ನಿಮಿಷವನ್ನು ಹೇಗೆ ಹಂಚಬೇಕು, ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಒಂದು ಲೆಕ್ಕ ಹಿಡಿದುಕೊಂಡೇ ನೋಡೋಣ. ಐದನೇ ತರಗತಿಗೆ ಇದು ಸರಿಹೋಗುತ್ತದೆ, ನಾಲ್ಕನೆಯವರೂ ಮಾಡಬಲ್ಲರು.

‘ಬಿಸಿಯೂಟಕ್ಕೆ ಮೊಟ್ಟೆ ತರಬೇಕು. ಬಾಳೆಹಣ್ಣು ತೆಗೆದುಕೊಳ್ಳುವವರನ್ನು ಬಿಟ್ಟರೆ ಮೊಟ್ಟೆ ತಿನ್ನುವ ಮಕ್ಕಳು 148. ಒಬ್ಬರಿಗೆ ಒಂದು. ಅಂಗಡಿಯವರು ಬಿಡಿ ಮೊಟ್ಟೆ ಕೊಡುವುದಿಲ್ಲ, 30ರ ಟ್ರೇ ಲೆಕ್ಕದಲ್ಲೇ ಕೊಡುತ್ತಾರೆ. ಎಷ್ಟು ಟ್ರೇ ತರಬೇಕು?’

ಹಿಂದಿನ ದಿನದ ಕೆಲಸ

ಈ ಪಾಠದ ಅರ್ಧ ಭಾಗ ತರಗತಿಗೆ ಹೋಗುವ ಮೊದಲೇ ನಡೆಯುತ್ತದೆ. ಒಂದು ಹಾಳೆ ತೆಗೆದುಕೊಂಡು ನಿಮ್ಮ ಮಕ್ಕಳು ಮಾಡಬಹುದಾದ ರೀತಿಯಲ್ಲೆಲ್ಲ ಲೆಕ್ಕವನ್ನು ಬಿಡಿಸಿ. ಟ್ರೇಗಳ ಚಿತ್ರ ಬರೆದು ತುಂಬಿಸುತ್ತಾ ಹೋಗುವುದು ಒಂದು. 30, 60, 90, 120, 150 ಎಂದು ಕೂಡುತ್ತಾ ಹೋಗುವುದು ಇನ್ನೊಂದು. 148ರಿಂದ 30 ಕಳೆಯುತ್ತಾ ಬರುವುದು, 30ರ ಮಗ್ಗಿ, ನೇರ ಭಾಗಾಕಾರ ಇವೆಲ್ಲ ಬರುತ್ತವೆ.

ಅದರ ಪಕ್ಕದಲ್ಲೇ ಬರಬಹುದಾದ ತಪ್ಪು ಉತ್ತರಗಳನ್ನೂ ಬರೆಯಿರಿ. 178 ಬಂದರೆ ಮಗು ಎರಡು ಸಂಖ್ಯೆಗಳನ್ನು ಕೂಡಿದೆ. 4440 ಬಂದರೆ ಗುಣಿಸಿದೆ. ಈ ಎರಡರಲ್ಲೂ ಲೆಕ್ಕದ ಸನ್ನಿವೇಶವೇ ಅರ್ಥವಾಗಿಲ್ಲ. ‘4’ ಅಥವಾ ‘4, ಶೇಷ 28’ ಬಂದರೆ ಕತೆ ಬೇರೆ: ಲೆಕ್ಕ ಬಂದಿದೆ, ಶೇಷಕ್ಕೆ ಅರ್ಥ ಕೊಡುವುದು ಬಂದಿಲ್ಲ. ಒಂದೊಂದು ತಪ್ಪಿಗೂ ನೀವು ಕೇಳಬೇಕಾದ ಒಂದೊಂದು ಪ್ರಶ್ನೆಯನ್ನು ಎದುರಿಗೆ ಬರೆದುಕೊಳ್ಳಿ. 4440 ಎಂದವರಿಗೆ ‘ಅಷ್ಟು ಟ್ರೇ ಇಡೋಕೆ ನಮ್ಮ ಅಡುಗೆಮನೆಯಲ್ಲಿ ಜಾಗ ಇದೆಯಾ?’ 4 ಎಂದವರಿಗೆ ‘ನಾಲ್ಕು ಟ್ರೇ ತಂದರೆ ಎಷ್ಟು ಮಕ್ಕಳಿಗೆ ಸಿಗುತ್ತೆ?’ ತರಗತಿಯ ಗದ್ದಲದ ನಡುವೆ ಒಳ್ಳೆಯ ಪ್ರಶ್ನೆ ತಾನಾಗಿ ಹೊಳೆಯುವುದು ಅಪರೂಪ. ಆ ಕ್ಷಣದಲ್ಲಿ ಬಾಯಿಗೆ ಬರುವುದು ‘ತಪ್ಪು, ಭಾಗಿಸು’ ಎಂಬುದೇ. ಈ ಹಾಳೆ ಇರುವುದು ಅದನ್ನು ತಡೆಯಲು.

ಅಡುಗೆಯವರನ್ನು ಕೇಳಿ ಎರಡು ಖಾಲಿ ಟ್ರೇ ಇಟ್ಟುಕೊಳ್ಳಿ. ಐದು ಸಾಲು, ಸಾಲಿಗೆ ಆರು ಗುಳಿ. ತಡವರಿಸುವ ಮಕ್ಕಳ ಕೈಗೆ ಅದನ್ನು ಕೊಡುವುದು ನಾಲ್ಕು ಮಾತು ವಿವರಿಸುವುದಕ್ಕಿಂತ ಮೇಲು.

ಮೊದಲ 5 ನಿಮಿಷ: ಸಂಖ್ಯೆ ಇಲ್ಲದ ಕತೆ

ಲೆಕ್ಕವನ್ನು ಒಮ್ಮೆಗೇ ಬೋರ್ಡಿನ ಮೇಲೆ ಬರೆಯಬೇಡಿ. ಮೊದಲು ಸಂಖ್ಯೆಯಿಲ್ಲದೆ ಹೇಳಿ: ‘ಬಿಸಿಯೂಟಕ್ಕೆ ಮೊಟ್ಟೆ ತರಬೇಕು, ಅಂಗಡಿಯವರು ಟ್ರೇ ಲೆಕ್ಕದಲ್ಲೇ ಕೊಡುತ್ತಾರೆ.’ ಇಷ್ಟು ಹೇಳಿ, ‘ಎಷ್ಟು ತರಬೇಕು ಅಂತ ಗೊತ್ತಾಗಬೇಕಾದರೆ ನಮಗೆ ಏನೇನು ತಿಳಿದಿರಬೇಕು?’ ಎಂದು ಕೇಳಿ. ಎಷ್ಟು ಮಕ್ಕಳು, ಟ್ರೇಯಲ್ಲಿ ಎಷ್ಟು ಮೊಟ್ಟೆ, ಒಬ್ಬರಿಗೆ ಒಂದೋ ಎರಡೋ ಎಂದು ಮಕ್ಕಳೇ ಕೇಳುತ್ತಾರೆ. ಕೇಳಿದ ಮೇಲೆ ಸಂಖ್ಯೆ ಕೊಡಿ. ತಾನು ಕೇಳಿ ಪಡೆದ ಸಂಖ್ಯೆ ಯಾವುದರದ್ದು ಎಂದು ಮಗುವಿಗೆ ನೆನಪಿರುತ್ತದೆ.

ಆಮೇಲೆ ಅಂದಾಜು. ‘ಒಂದು ಟ್ರೇ ಸಾಕಾ? ಹತ್ತು ಬೇಕಾ?’ ಬಂದ ಅಂದಾಜುಗಳನ್ನೆಲ್ಲ ಬೋರ್ಡಿನ ಎಡ ಮೂಲೆಯಲ್ಲಿ ಬರೆದಿಡಿ. ಕೊನೆಗೆ ಉತ್ತರ ಸಿಕ್ಕಾಗ ತಾಳೆ ನೋಡಲು ಬೇಕಾಗುತ್ತದೆ.

‘ಒಟ್ಟು ಅಂತ ಇದ್ದರೆ ಕೂಡು, ಉಳಿದದ್ದು ಅಂತ ಇದ್ದರೆ ಕಳೆ’ ಎಂಬ ಸುಲಭಸೂತ್ರವನ್ನು ಇಲ್ಲಿ ಮಾತ್ರವಲ್ಲ, ಎಲ್ಲಿಯೂ ಕೊಡಬೇಡಿ. ‘ಐದು ಗೋಲಿ ಕಳೆದುಕೊಂಡ ಮೇಲೆ ರವಿಯ ಹತ್ತಿರ ಎಂಟು ಉಳಿದಿವೆ. ಮೊದಲು ಎಷ್ಟಿದ್ದವು?’ ಈ ಒಂದು ಲೆಕ್ಕಕ್ಕೆ ಆ ಸೂತ್ರ ಮುರಿದುಬೀಳುತ್ತದೆ. ‘ಕಳೆದುಕೊಂಡ’ ಎಂದೂ ಇದೆ, ‘ಉಳಿದಿವೆ’ ಎಂದೂ ಇದೆ, ಮಾಡಬೇಕಾದ್ದು ಮಾತ್ರ ಕೂಡುವುದು.

ಮುಂದಿನ 13 ನಿಮಿಷ: ನಿಮ್ಮ ಪೆನ್ನು ಜೇಬಿನಲ್ಲಿರಲಿ

ಮೊದಲ 5 ನಿಮಿಷ ಒಬ್ಬೊಬ್ಬರೇ ಯೋಚಿಸಲಿ, ಆಮೇಲೆ 8 ನಿಮಿಷ ಪಕ್ಕದವರ ಜೊತೆ. ಒಬ್ಬೊಬ್ಬರೇ ಯೋಚಿಸುವ ಸಮಯವನ್ನು ಬಿಟ್ಟು ನೇರವಾಗಿ ಗುಂಪು ಮಾಡಿದರೆ ಚುರುಕಿನ ಮಗು ಬರೆಯುತ್ತದೆ, ಉಳಿದವರು ನೋಡಿ ನಕಲು ಮಾಡುತ್ತಾರೆ. ಗುಂಪು ಆರು ಮಂದಿಯದ್ದಾದರೆ ನಾಲ್ವರಿಗೆ ಕೆಲಸವೇ ಇರುವುದಿಲ್ಲ. ಇಬ್ಬರು ಸಾಕು. ಇಬ್ಬರಿಗೂ ಸೇರಿ ಒಂದೇ ಹಾಳೆ, ಒಂದೇ ಪೆನ್ಸಿಲ್ ಕೊಟ್ಟರೆ ಮಾತನಾಡದೆ ವಿಧಿಯಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ಮರಾಠಿ ಆಡುವ ಮಕ್ಕಳು ಆ ಭಾಷೆಯಲ್ಲೇ ಚರ್ಚಿಸಲಿ. ತರಗತಿಗೆ ಹೇಳುವಾಗ ಕನ್ನಡದಲ್ಲಿ ಹೇಳಿದರಾಯಿತು.

ನೀವು ಸಾಲುಗಳ ನಡುವೆ ಓಡಾಡುತ್ತಿರಿ. ಈ ಹೊತ್ತಿನಲ್ಲಿ ‘ಸರಿ’ ಎನ್ನಬೇಡಿ, ‘ತಪ್ಪು’ ಎಂದೂ ಅನ್ನಬೇಡಿ. ‘ಸರಿ’ ಎಂದ ಕೂಡಲೇ ಆ ಬೆಂಚಿನಲ್ಲಿ ಯೋಚನೆ ನಿಲ್ಲುತ್ತದೆ, ಅರ್ಧ ನಿಮಿಷದಲ್ಲಿ ಆ ಉತ್ತರ ಇಡೀ ತರಗತಿಗೆ ಹಬ್ಬುತ್ತದೆ. ಬದಲಿಗೆ ಕೇಳಿ: ‘ಈ 90 ಯಾವುದು?’, ‘ನಿನ್ನ ಚಿತ್ರದಲ್ಲಿ ಒಂದು ಟ್ರೇ ಎಲ್ಲಿದೆ, ತೋರಿಸು.’ ಸರಿ ಮಾಡಿದವರಿಗೂ ಇದನ್ನೇ ಕೇಳಬೇಕು. ತಪ್ಪಾದಾಗ ಮಾತ್ರ ‘ಹೇಗೆ ಮಾಡಿದೆ?’ ಎಂದು ಕೇಳುವ ಅಭ್ಯಾಸವಿದ್ದರೆ, ಆ ಪ್ರಶ್ನೆ ಬಂದ ತಕ್ಷಣ ಮಗು ರಬ್ಬರ್ ಹುಡುಕುತ್ತದೆ.

ಏನೂ ಮಾಡದೆ ಕೂತವರಿಗೆ ವಿಧಾನ ಹೇಳಿಕೊಡಬೇಡಿ, ಸಂಖ್ಯೆ ಸಣ್ಣದು ಮಾಡಿ. ‘ಮಕ್ಕಳು 40 ಮಂದಿಯೇ ಇದ್ದರೆ ಎಷ್ಟು ಟ್ರೇ?’ ಎರಡು ಎಂದ ಮಗು 70ಕ್ಕೂ ಹೇಳುತ್ತದೆ, 148ಕ್ಕೂ ಬಂದು ಸೇರುತ್ತದೆ.

ಬೇಗ ಮುಗಿಸಿದವರಿಗೆ ಮತ್ತೊಂದು ಲೆಕ್ಕ ಬೇಡ, ಇದನ್ನೇ ಆಳ ಮಾಡಿ. ‘ದಿನವೂ 148 ಮಕ್ಕಳೇ ತಿನ್ನುತ್ತಾರೆ, ಮಿಕ್ಕ ಮೊಟ್ಟೆ ಮರುದಿನಕ್ಕೆ ಸೇರುತ್ತದೆ ಅಂದುಕೊಳ್ಳಿ. ಎಷ್ಟನೆಯ ದಿನ ನಾಲ್ಕೇ ಟ್ರೇ ತಂದರೆ ಸಾಕಾಗುತ್ತದೆ?’ ದಿನಕ್ಕೆ 2 ಮೊಟ್ಟೆ ಮಿಗುತ್ತದೆ, 14 ದಿನಕ್ಕೆ 28. ಹದಿನೈದನೆಯ ದಿನ ಬೇಕಾದ 148ರಲ್ಲಿ 28 ಕೈಯಲ್ಲೇ ಇದೆ, 120 ತಂದರಾಯಿತು. ಮೊದಲ ಭಾಗಾಕಾರದ ಶೇಷ 28 ಇಲ್ಲಿ ಮತ್ತೆ ಎದುರಾಗುವುದನ್ನು ಗಮನಿಸುವ ಮಗು ಸಿಕ್ಕರೆ, ‘ಅದು ಹೇಗೆ?’ ಎಂದು ಕೇಳಿ ಬಿಟ್ಟುಬಿಡಿ. ಉತ್ತರ ಮರುದಿನ ಬಂದರೂ ಆದೀತು.

15 ನಿಮಿಷದ ಚರ್ಚೆ

ಮುಖ್ಯ ಭಾಗ ಇದು, ಸಮಯ ಸಾಲದೆ ಕೈಬಿಟ್ಟುಹೋಗುವ ಭಾಗವೂ ಇದೇ. ಗಡಿಯಾರ ನೋಡಿಕೊಂಡು 18ನೆಯ ನಿಮಿಷಕ್ಕೆ ಕೆಲಸ ನಿಲ್ಲಿಸಿ. ಎಲ್ಲರದ್ದೂ ಮುಗಿಯಲಿ ಎಂದು ಕಾಯಬೇಡಿ.

‘ಯಾರು ಹೇಳ್ತೀರಿ?’ ಎಂದು ಕೇಳಿದರೆ ದಿನವೂ ಏಳುವ ಅದೇ ಮೂರು ಕೈ ಏಳುತ್ತವೆ. ಓಡಾಡುವಾಗಲೇ ಯಾರು ಯಾವ ವಿಧಾನ ಹಿಡಿದಿದ್ದಾರೆ ಎಂದು ಗುರುತು ಹಾಕಿಕೊಂಡು ನೀವೇ ಕರೆಯಿರಿ. ಕರೆಯುವ ಕ್ರಮ ಮುಖ್ಯ: ಮೊದಲು ಚಿತ್ರ ಬರೆದವರು, ಆಮೇಲೆ 30 ಕೂಡುತ್ತಾ ಹೋದವರು, ಕೊನೆಗೆ ಭಾಗಿಸಿದವರು. ಭಾಗಾಕಾರ ಮೊದಲೇ ಬಂದರೆ ಚಿತ್ರ ಬರೆದ ಮಗು ತನ್ನ ಹಾಳೆಯನ್ನು ಮಡಿಸಿಡುತ್ತದೆ. ಅದೇ ಚಿತ್ರ ಮೊದಲು ಬಂದರೆ, ಭಾಗಾಕಾರದ 28 ಎಂದರೆ ಏನು ಎಂಬುದಕ್ಕೆ ಅದರಲ್ಲೇ ಉತ್ತರ ಸಿಗುತ್ತದೆ. ಮೂರಕ್ಕಿಂತ ಹೆಚ್ಚು ವಿಧಾನ ಬೇಡ, ಕೇಳುವವರು ಸೋಲುತ್ತಾರೆ.

ಒಂದನ್ನೂ ಒರೆಸಬೇಡಿ. ಬೋರ್ಡನ್ನು ನಾಲ್ಕು ಭಾಗ ಮಾಡಿ: ಎಡಕ್ಕೆ ಲೆಕ್ಕ ಮತ್ತು ಅಂದಾಜು, ನಡುವಿನ ಎರಡರಲ್ಲಿ ಮಕ್ಕಳ ವಿಧಾನಗಳು, ಬಲಕ್ಕೆ ಕೊನೆಯಲ್ಲಿ ಕಂಡುಕೊಂಡದ್ದು. ಜಪಾನಿನ ಪ್ರಾಥಮಿಕ ಶಾಲೆಗಳ ಗಣಿತ ಶಿಕ್ಷಕರು ಬೋರ್ಡಿನ ಈ ವಿನ್ಯಾಸವನ್ನು ಮುಂಚೆಯೇ ಕಾಗದದಲ್ಲಿ ಬರೆದುಕೊಂಡು ಬರುತ್ತಾರೆ. ಇಡೀ ಪಾಠ ಒಟ್ಟಿಗೆ ಕಣ್ಣೆದುರಿಗಿದ್ದರೇ ಒಂದು ವಿಧಾನವನ್ನು ಇನ್ನೊಂದರ ಜೊತೆ ಹೋಲಿಸಲು ಸಾಧ್ಯ.

ಇನ್ನು ಕೇಳಬೇಕಾದ ಪ್ರಶ್ನೆ: ‘ಭಾಗಾಕಾರದಲ್ಲಿ 28 ಬಂತಲ್ಲ, ಈ ಚಿತ್ರದಲ್ಲಿ ಅದು ಎಲ್ಲಿದೆ?’ ಕೇಳಿ ಸುಮ್ಮನಿರಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಸರಿಯಾಗಿ ಕಾಯುವುದಿಲ್ಲ, ಕಾಯುವುದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟರು. ಈ ಪ್ರಶ್ನೆಗೆ ಮೂರು ಸಾಲದು, ಮನಸ್ಸಿನಲ್ಲೇ ಹತ್ತು ಎಣಿಸಿ.

ಒಂದು ಮಗು ಹೇಳಿದ್ದನ್ನು ನೀವು ಮತ್ತೆ ಹೇಳಬೇಡಿ. ಶಿಕ್ಷಕರು ಹೇಗೂ ಇನ್ನೊಮ್ಮೆ ಹೇಳುತ್ತಾರೆ ಎಂದು ಗೊತ್ತಾದರೆ ಮಕ್ಕಳು ಪರಸ್ಪರ ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ. ‘ಅವಳು ಹೇಳಿದ್ದನ್ನು ನಿನ್ನ ಮಾತಲ್ಲಿ ಹೇಳಪ್ಪ’ ಎಂದು ಇನ್ನೊಬ್ಬರನ್ನು ಎಬ್ಬಿಸಿ. ಎಲ್ಲ ಮುಗಿದ ಮೇಲೆ ‘ಈಗ ಸರಿಯಾದ ವಿಧಾನ ನೋಡಿ’ ಎಂದು ನಿಮ್ಮದನ್ನು ಬರೆಯುವ ಆಸೆಯನ್ನೂ ತಡೆದುಕೊಳ್ಳಿ. ಹಾಗೆ ಬರೆದರೆ ಅಷ್ಟು ಹೊತ್ತು ನಡೆದದ್ದು ಬರೀ ಆಟ, ನಿಜವಾದ ಪಾಠ ಇದೊಂದೇ ಎಂದು ಮಕ್ಕಳು ತಿಳಿಯುತ್ತಾರೆ. ಮುಂದಿನ ವಾರ ನಿಮ್ಮ ವಿಧಾನ ಬರುವವರೆಗೆ ಕೈಕಟ್ಟಿ ಕೂರುತ್ತಾರೆ.

ಕೊನೆಯ 7 ನಿಮಿಷ

ಅದೇ ಎರಡು ಸಂಖ್ಯೆ ಇಟ್ಟುಕೊಂಡು ಎರಡು ಹೊಸ ಪ್ರಶ್ನೆ ಕೊಡಿ. ‘148 ರೂಪಾಯಿ ಇದೆ, ನೋಟ್‌ಬುಕ್‌ಗೆ 30 ರೂಪಾಯಿ, ಎಷ್ಟು ಕೊಳ್ಳಬಹುದು?’ ಮತ್ತು ‘148 ಮಕ್ಕಳು ಸಾಲಿಗೆ 30ರಂತೆ ನಿಂತರು, ಕೊನೆಯ ಸಾಲಿನಲ್ಲಿ ಎಷ್ಟು ಮಂದಿ?’ ಭಾಗಾಕಾರ ಒಂದೇ. ಮೊಟ್ಟೆಗೆ ಉತ್ತರ 5, ನೋಟ್‌ಬುಕ್‌ಗೆ 4, ಸಾಲಿಗೆ 28. ಏಕೆ ಬೇರೆ ಬೇರೆ ಬಂತು ಎಂದು ಎರಡು ವಾಕ್ಯ ಬರೆಯಲಿ. ತಪ್ಪು ಕಾಗುಣಿತವನ್ನು ಈ ಬರಹದಲ್ಲಿ ತಿದ್ದಬೇಡಿ.

ಪಠ್ಯಪುಸ್ತಕದ ಲೆಕ್ಕವೇ ಸಾಕು

ಇದಕ್ಕೆಂದು ಬೇರೆ ಪುಸ್ತಕ ಕೊಳ್ಳಬೇಕಿಲ್ಲ, ಇರುವ ಲೆಕ್ಕವನ್ನು ತಿರುಗಿಸಿದರೆ ಆಯಿತು. ‘ಉದ್ದ 8, ಅಗಲ 4, ಸುತ್ತಳತೆ ಎಷ್ಟು?’ ಎನ್ನುವ ಬದಲು ‘ಸುತ್ತಳತೆ 24 ಬರುವ ಆಯತಗಳನ್ನು ಚೌಕಳಿ ಹಾಳೆಯಲ್ಲಿ ಬರೆಯಿರಿ’ ಎನ್ನಿ. ಪೂರ್ಣ ಸಂಖ್ಯೆಗಳಲ್ಲಿ ಆರು ಬರುತ್ತವೆ, ಚೌಕವೂ ಸೇರಿ. ವಿಸ್ತೀರ್ಣ 11ರಿಂದ 36ರವರೆಗೆ ಬದಲಾಗುತ್ತದೆ. ಸುತ್ತಳತೆ ಒಂದೇ ಆದರೆ ಒಳಗಿನ ಜಾಗವೂ ಒಂದೇ ಎಂದುಕೊಂಡಿದ್ದ ಮಕ್ಕಳು ಅಲ್ಲೇ ನಿಲ್ಲುತ್ತಾರೆ. ‘52 – 27 ಎಷ್ಟು?’ ಎನ್ನುವ ಬದಲು ‘ಒಬ್ಬರಿಗೆ 25 ಬಂತು, ಇನ್ನೊಬ್ಬರಿಗೆ 35 ಬಂತು. 35 ಹೇಗೆ ಬಂದಿರಬಹುದು?’ ಎಂದು ಕೇಳಿ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯುವ ಬದಲು 7ರಿಂದ 2 ಕಳೆದದ್ದನ್ನು ಮಕ್ಕಳೇ ಪತ್ತೆ ಮಾಡಬೇಕು.

ಕಳೆಯುವ ಲೆಕ್ಕದ ಅಭ್ಯಾಸ ಹೆಚ್ಚು ಬೇಕಿದ್ದಾಗ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ.ರಾ. ಕಾಪ್ರೇಕರ್ ಅವರ ಕ್ರಮ ಹಿಡಿಯಿರಿ. ಮೂರು ಅಂಕಿಯ ಯಾವುದೇ ಸಂಖ್ಯೆ ತೆಗೆದುಕೊಳ್ಳಿ, ಮೂರೂ ಒಂದೇ ಅಂಕಿ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ ಸಂಖ್ಯೆ ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. 481 ಆದರೆ 841 – 148 = 693, 963 – 369 = 594, 954 – 459 = 495. ಅಲ್ಲಿಂದ ಮುಂದೆ 495 ಬದಲಾಗುವುದೇ ಇಲ್ಲ, ಯಾವ ಸಂಖ್ಯೆಯಿಂದ ಹೊರಟರೂ ಅಲ್ಲಿಗೇ ಬರುತ್ತದೆ. ನಾಲ್ಕು ಅಂಕಿಗೆ 6174 ಬರುವುದನ್ನು ಕಾಪ್ರೇಕರ್ 1949ರಲ್ಲಿ ತಿಳಿಸಿದ್ದರು. ಒಂದು ಎಚ್ಚರಿಕೆ: 211ರಂಥ ಸಂಖ್ಯೆಯಲ್ಲಿ 211 – 112 = 99 ಬರುತ್ತದೆ. ಅದನ್ನು 099 ಎಂದೇ ಬರೆದು 990 – 099 ಮಾಡಬೇಕು. ಸೊನ್ನೆ ಬಿಟ್ಟವರಿಗೆ 99 – 99 ಆಗಿ ಲೆಕ್ಕ ಅಲ್ಲೇ ನಿಂತುಹೋಗುತ್ತದೆ. ನಡುವಿನ ಅಂಕಿ ಪ್ರತಿ ಸಲ 9 ಬರುವುದನ್ನು ಯಾರಾದರೂ ಕಂಡೇ ಕಾಣುತ್ತಾರೆ. ಕಾರಣ ದಶಕ ತರುವುದರಲ್ಲೇ ಇದೆ: ಮೇಲೂ ಕೆಳಗೂ ನಡುವಿನ ಅಂಕಿ ಒಂದೇ, ಬಿಡಿಗೆ ಒಂದು ಕೊಟ್ಟ ಮೇಲೆ ಅದು ಒಂದು ಕಡಿಮೆಯಾಗುತ್ತದೆ, ಹಾಗಾಗಿ ನೂರರಿಂದ ತಂದು ಕಳೆಯಲೇಬೇಕು. ಅದನ್ನು ನೀವು ಹೇಳಬೇಡಿ. ಎರಡು ದಿನ ಬೋರ್ಡಿನ ಮೂಲೆಯಲ್ಲಿ ‘ಏಕೆ 9?’ ಎಂದು ಬರೆದಿಟ್ಟಿರಿ.

ಮೊದಲ ಎರಡು ಮೂರು ವಾರ ತರಗತಿ ಮೌನವಾಗಿರುತ್ತದೆ, ಇಲ್ಲವೇ ‘ಹೇಗೆ ಮಾಡೋದು ಹೇಳಿ ಮಿಸ್’ ಎಂದು ಗೋಗರೆಯುತ್ತದೆ. ಮೊದಲೇ ಹೇಳಿಸಿಕೊಂಡು ಅಭ್ಯಾಸವಾದ ಮಕ್ಕಳು ಹೇಳುವವರೆಗೂ ಕಾಯುತ್ತಾರೆ. ಆ ವಾರಗಳಲ್ಲಿ ಸುಲಭ ಸಂಖ್ಯೆಗಳನ್ನೇ ಇಟ್ಟುಕೊಳ್ಳಿ, ಲೆಕ್ಕ ಮಾತ್ರ ಯೋಚಿಸದೆ ಬಿಡಿಸಲಾಗದಂಥದ್ದಾಗಿರಲಿ. ಪಾಠ ಮುಗಿದ ದಿನವೇ, ನೀವು ಊಹಿಸದಿದ್ದ ಯಾವ ವಿಧಾನ ಬಂತು ಎಂಬುದನ್ನು ಹಿಂದಿನ ದಿನದ ಹಾಳೆಗೆ ಸೇರಿಸಿ ಕಡತಕ್ಕೆ ಹಾಕಿ. ಮುಂದಿನ ವರ್ಷ ಅದೇ ಲೆಕ್ಕಕ್ಕೆ ತಯಾರಿ ಹತ್ತು ನಿಮಿಷದ ಕೆಲಸ.