ಭೀಮನ ಗಂಟುಗಳು: ರಾಯಚೂರಿನಲ್ಲೇ ಕೀಮೋ ಕೊಡಿಸಿದ ನನ್ನ ಅನುಭವ

ನಮ್ಮ ನಾಯಿ ಭೀಮನಿಗೆ ಕೊನೇ ಕೀಮೋ ಆಗಿ ಎರಡು ವರ್ಷದ ಮೇಲಾಯ್ತು. ಹಳೇ ಜಾಗದಲ್ಲಿ ಗಂಟು ಮತ್ತೆ ಬಂದಿಲ್ಲ. ಬೇರೆ ಜಾಗದಲ್ಲಿ ಒಂದು ಬಂತು, ಅದನ್ನೂ ತೆಗೆಸಿದೆವು. "ಇದು ರಾಯಚೂರಾಗ ಆಗೋ ಕೆಲಸ ಅಲ್ಲ ಬಿಡ್ರಿ" ಅಂದವರೇ ಈಗ ತಮ್ಮ ನಾಯಿಯ ರಿಪೋರ್ಟ್ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಅವರಿಗಾಗಿಯೇ ಇದನ್ನು ಬರೆದಿಡುತ್ತಿದ್ದೇನೆ. ಮಾಸ್ಟ್ ಸೆಲ್ ಗಂಟು ಅಂದರೆ ನಾಯಿ ಚರ್ಮಕ್ಕೆ ಬರುವ ಒಂದು ಕ್ಯಾನ್ಸರ್, ಗ್ರೇಡ್ ಅಂದರೆ ಅದು ಎಷ್ಟು ಉಗ್ರ ಅನ್ನೋ ಮಟ್ಟ. ಅದಕ್ಕಿಂತ ಹೆಚ್ಚು ವಿವರಿಸಲ್ಲ. ಮನೆಯಲ್ಲಿ ಈ ಕಾಯಿಲೆ ಕಂಡವರಿಗೆ ಅದೆಲ್ಲ ಬಾಯಿಪಾಠ ಆಗಿರುತ್ತದೆ.

ಭೀಮ ಲ್ಯಾಬ್ರಡಾರ್, 30 ಕೆಜಿ ಆಸುಪಾಸು. ಮೊದಲ ಗಂಟು ಬಂದಾಗ ಏಳು ವರ್ಷ ಇರಬೇಕು. ಎಡ ತೊಡೆಯ ಹೊರಗಡೆ, ಕೂದಲಿಲ್ಲದ ಕೆಂಪು ಗಂಟು. ಊರಲ್ಲೇ ತೆಗೆಸಿದೆವು. ಆರೇಳು ಸಾವಿರ ಖರ್ಚಾಯ್ತು. ಗಂಟಿನ ಸುತ್ತಲೇ ಚರ್ಮ ಕೊಯ್ದು, ಹೊಲಿದು ಕಳಿಸಿದರು. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಲಿಲ್ಲ. "ಇದೇನ್ ಕೊಬ್ಬಿನ ಗಂಟು" ಅಂದರು. ನಾಲ್ಕು ತಿಂಗಳೂ ಕಳೆದಿರಲಿಲ್ಲ, ಹೊಲಿಗೆಯ ಗೆರೆಯ ಮೇಲೇ ಮತ್ತೆ ಎದ್ದಿತು.

ಆಮೇಲಿನ ಅರ್ಧ ವರ್ಷ ಪೂರ್ತಿ ಹಾಳಾಯ್ತು. ಇನ್ನೊಬ್ಬ ಡಾಕ್ಟರು ಅಲರ್ಜಿ ಅಂತ ಹೇಳಿ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಗುಳಿಗೆ ಕೊಟ್ಟರು. ಎರಡು ವಾರದಲ್ಲಿ ಗಂಟು ಅರ್ಧ ಆಯ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. ಗುಳಿಗೆ ಮುಗಿದ ತಿಂಗಳಿಗೆ ಮೊದಲಿಗಿಂತ ದಪ್ಪ ಆಗಿತ್ತು. ಈ ಗಂಟಿನ ಗುಣವೇ ಅದು. ಸ್ಟೀರಾಯ್ಡ್ ಕೊಟ್ಟರೆ ಕುಗ್ಗುತ್ತದೆ, ಸ್ವಲ್ಪ ಒತ್ತಿದರೆ ಊದುತ್ತದೆ, ಎರಡು ದಿನ ಬಿಟ್ಟು ತಾನೇ ಇಳಿಯುತ್ತದೆ. ಇಳಿದದ್ದು ನೋಡಿ ವಾಸಿಯಾಯ್ತು ಅಂತ ನಂಬಬೇಡಿ. ದೇವದುರ್ಗದ ಕಡೆಯಿಂದ ನೆಂಟರೊಬ್ಬರು ಸೊಪ್ಪು ಅರೆದು ತಂದರು. ಮೂರು ದಿನ ಕಟ್ಟಿದೆವು. ಭೀಮ ಕಟ್ಟು ಕಿತ್ತು ನೆಕ್ಕಿದ, ಗಂಟು ಒಡೆದು ರಕ್ತ ನಿಲ್ಲಲೇ ಇಲ್ಲ. ಗಂಟಿನ ಒಳಗಿರುವ, ಊತ ತರುವ ಹಿಸ್ಟಮಿನ್ ಜೊತೆ ಹೆಪ್ಪಾರಿನ್ ಕೂಡ ಹೊರಗೆ ಬರುತ್ತದೆ, ಅದಕ್ಕೇ ರಕ್ತ ಹೆಪ್ಪುಗಟ್ಟೋದು ತಡ.

ನಮ್ಮ ಮಾವನವರು ಅವತ್ತು ಬಂದಿದ್ದರು. "ನಾಯಿಗಿ ಇಷ್ಟು ರೊಕ್ಕ ಹಾಕ್ತಾರೇನು ಯಾರಾದರು? ಸೂಜಿ ಹಾಕಿ ಮಲಗಿಸಿಬಿಡು" ಅಂದರು. ನಾನು ಉತ್ತರ ಕೊಡಲಿಲ್ಲ. ಮಾರನೇ ದಿನ ನಸುಕಿನಲ್ಲೇ ಗಾಡಿ ತೆಗೆದು ಹೈದರಾಬಾದಿಗೆ ಹೊರಟೆ.

ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಕೃಷ್ಣಾ ಸೇತುವೆ ದಾಟಿ ಮಕ್ತಲ್, ಮಹಬೂಬ್‌ನಗರದ ಮೇಲೆ ಸುಮಾರು 200 ಕಿಲೋಮೀಟರ್. ಬೇಸಿಗೆಯಲ್ಲಿ ರಾತ್ರಿ ಮೂರಕ್ಕೇ ಬಿಡಬೇಕು, ಬಿಸಿಲೇರುವ ಮುಂಚೆ ಮುಟ್ಟಬೇಕು. ಅಲ್ಲಿ ಮೊದಲು ಗಂಟಿಗೆ ಸೂಜಿ ಹಾಕಿ, ಒಳಗಿನ ಜೀವಕೋಶ ತೆಗೆದು ನೋಡಿದರು. ಗಾಜಿನ ಪಟ್ಟಿಯ ಮೇಲೆ ನೇರಳೆ ಕಾಳು ತುಂಬಿದ ಜೀವಕೋಶಗಳು. ಡಾಕ್ಟರ್ ನನಗೂ ಕರೆದು ತೋರಿಸಿದರು. ಮೊಣಕಾಲಿನ ಹಿಂದಿನ ಲಿಂಫ್ ಗ್ರಂಥಿಗೂ ಸೂಜಿ ಹಾಕಿದರು, ಅಲ್ಲಿ ಏನೂ ಸಿಗಲಿಲ್ಲ. ಆಪರೇಷನ್ನಿಗೆ ಮುಂಚೆ ಅಲರ್ಜಿ ತಡೆಯುವ ಅವಿಲ್ ಇಂಜೆಕ್ಷನ್, ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಗಂಟಿನ ಸುತ್ತ ಎರಡು ಮೂರು ಸೆಂಟಿಮೀಟರ್ ಒಳ್ಳೇ ಚರ್ಮವನ್ನೂ ಸೇರಿಸಿ, ಕೆಳಗೆ ಒಂದು ಪದರ ಆಳಕ್ಕೆ ತೆಗೆದರು. ಗಾಯ ನೋಡಿದರೆ ಭಯ ಆಗುವಷ್ಟು ದೊಡ್ಡದು. ಆಪರೇಷನ್, ತುಂಡಿನ ಪರೀಕ್ಷೆ, ಮೂರು ದಿನದ ವಸತಿ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ರಿಪೋರ್ಟ್ ಬಂತು: ಗ್ರೇಡ್ 2, ಕೊಯ್ದ ಒಂದು ಅಂಚಿಗೆ ಗಂಟಿನ ಜೀವಕೋಶಗಳು ತೀರಾ ಹತ್ತಿರ ಇವೆ. ಒಮ್ಮೆ ಮರಳಿ ಬಂದ ಗಂಟು ಬೇರೆ. ಅದಕ್ಕೇ ಕೀಮೋ ಬೇಕು ಅಂದರು.

ವಿನ್‌ಬ್ಲಾಸ್ಟಿನ್ ಅನ್ನೋ ಕೀಮೋ ಇಂಜೆಕ್ಷನ್, ಜೊತೆಗೆ ಪ್ರೆಡ್ನಿಸೋಲೋನ್. ವಾರಕ್ಕೊಂದರಂತೆ ನಾಲ್ಕು, ಆಮೇಲೆ ಎರಡು ವಾರಕ್ಕೊಂದರಂತೆ ನಾಲ್ಕು. ಪ್ರತಿ ಸಲ ಹೈದರಾಬಾದಿಗೆ ಹೋಗಿ ಬರಲು ಡೀಸೆಲ್, ಟೋಲ್, ಊಟ ಅಂತ ನಾಲ್ಕೂವರೆ ಐದು ಸಾವಿರ. ಅಂಗಡಿ ಮುಚ್ಚಬೇಕು. ನಾಯಿಗೆ ಬಿಸಿಲಲ್ಲಿ ಪ್ರಯಾಣ. ಆಗಲ್ಲ ಅನಿಸಿತು. ಔಷಧ ರಾಯಚೂರಿನಲ್ಲೇ ಕೊಡಿಸುತ್ತೇನೆ, ಎಷ್ಟು ಕೊಡಬೇಕು ಅನ್ನೋ ಲೆಕ್ಕ ನೀವು ಬರೆದುಕೊಡಿ ಅಂತ ಕೇಳಿದೆ. ಅವರು ಒಪ್ಪಲು ಸ್ವಲ್ಪ ಹಿಂದೆ ಮುಂದೆ ನೋಡಿದರು. ನಮ್ಮ ಊರಿನ ಒಬ್ಬ ಹುಡುಗ ಡಾಕ್ಟರ್ ಮಾತ್ರ "ಬರ್ರಿ ಅಣ್ಣಾರ, ಮಾಡೋಣು" ಅಂದ. ಅವನ ಧೈರ್ಯದಿಂದಲೇ ಇದೆಲ್ಲ ಆಗಿದ್ದು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಬೀದಿನಾಯಿಗಳ ಟಿವಿಟಿ ಗಂಟಿಗೆ (ಜನನಾಂಗಕ್ಕೆ ಬರುವ, ಕೂಡುವಾಗ ಹರಡುವ ಗಂಟು) ಕೊಡುವ ವಿನ್‌ಕ್ರಿಸ್ಟಿನ್ ಎಲ್ಲ ಪಶುವೈದ್ಯರಿಗೂ ಗೊತ್ತು. ನಮಗೆ ಬೇಕಾದದ್ದು ವಿನ್‌ಬ್ಲಾಸ್ಟಿನ್. ಹೆಸರು ಅಕ್ಕತಂಗಿಯರಂತೆ ಇದ್ದರೂ ಪ್ರಮಾಣ ಬೇರೆ. ವಿನ್‌ಬ್ಲಾಸ್ಟಿನ್ ನಾಯಿಯ ಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 2 ಮಿಲಿಗ್ರಾಂ. ವಿನ್‌ಕ್ರಿಸ್ಟಿನ್ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟೇ. 30 ಕೆಜಿ ನಾಯಿ ಅಂದರೆ ಹತ್ತಿರ ಹತ್ತಿರ 1 ಚದರ ಮೀಟರ್. ಆ 2 ಮಿಲಿಗ್ರಾಂ ಲೆಕ್ಕದಲ್ಲಿ ವಿನ್‌ಕ್ರಿಸ್ಟಿನ್ ಹೋದರೆ ನಾಯಿ ಉಳಿಯೋದು ಕಷ್ಟ. ಎರಡನೇ ಸಲ ತರಿಸಿದಾಗ ಮೆಡಿಕಲ್‌ನವರು ವಿನ್‌ಕ್ರಿಸ್ಟಿನ್ ಡಬ್ಬಿಯನ್ನೇ ಕೈಗಿಟ್ಟರು. "ಎರಡೂ ಒಂದೇ ಅಲ್ರೀ" ಅಂದರು. ಕೌಂಟರ್ ಮೇಲೇ ಹೆಸರನ್ನು ಅಕ್ಷರ ಅಕ್ಷರ ಓದಿ ವಾಪಸ್ ಕೊಟ್ಟೆ. ನೀವೂ ಓದಿ. ಡಾಕ್ಟರ್ ಕೈಗೆ ಕೊಡುವಾಗ ಇನ್ನೊಮ್ಮೆ ಓದಿ.

ಔಷಧ ದುಬಾರಿ ಅಲ್ಲ, ಮನುಷ್ಯರಿಗೆ ಕೊಡುವ 10 ಮಿಲಿಗ್ರಾಂ ಬಾಟಲಿ ಮುನ್ನೂರರ ಆಸುಪಾಸು ಸಿಕ್ಕಿತು. ಕಷ್ಟ ಇರೋದು ತಣ್ಣಗಿಡೋದರಲ್ಲಿ. 2ರಿಂದ 8 ಡಿಗ್ರಿ ಒಳಗಿರಬೇಕು, ಹೆಪ್ಪುಗಟ್ಟಬಾರದು. ಹೊರಗೆ 42 ಡಿಗ್ರಿ. ಲಸಿಕೆ ಒಯ್ಯುವ ಡಬ್ಬಿ ಒಂದನ್ನು ತಂದುಕೊಂಡೆ. ಐಸ್ ಪ್ಯಾಕಿಗೆ ಬಾಟಲಿ ತಾಗದ ಹಾಗೆ ಹಳೇ ಟವೆಲ್ ಸುತ್ತಿಟ್ಟೆ. ನನ್ನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಬಿದ್ದಿದ್ದ ಒಂದು ತಾಪಮಾಪಕದ ತಂತಿಯನ್ನು ಒಳಗೆ ಇಳಿಬಿಟ್ಟಿದ್ದರಿಂದ ಮುಚ್ಚಳ ತೆಗೆಯದೇ ನೋಡಬಹುದಿತ್ತು.

ಪ್ರತಿ ಸಲವೂ ಹೊಸ ಸೂಜಿ, ಮುಂಗಾಲು, ಮೊದಲ ಚುಚ್ಚಿಗೇ ರಕ್ತನಾಳ ಸಿಗಬೇಕು. ಔಷಧ ಹೊರಗೆ ಸೋರಿದರೆ ಚರ್ಮ ಕೊಳೆಯುತ್ತದೆ. ಮೊದಲ ಚುಚ್ಚು ತಪ್ಪಿದರೆ ಆ ಕಾಲನ್ನೇ ಬಿಟ್ಟು ಇನ್ನೊಂದು ಕಾಲಿಗೆ. ಸಲೈನ್ ಬಿಟ್ಟು ನೋಡಿ, ಉಬ್ಬದಿದ್ದರೆ ಮಾತ್ರ ಔಷಧ. ಭೀಮ ಐದು ನಿಮಿಷ ಅಲ್ಲಾಡದೇ ಮಲಗುತ್ತಿದ್ದ, ಯಾರೂ ಅದುಮಿ ಹಿಡಿಯುತ್ತಿರಲಿಲ್ಲ. ಅದನ್ನು ಹೇಗೆ ಕಲಿಸಿದೆ ಅನ್ನೋದು ಬರೆದರೆ ಅರ್ಥ ಆಗಲ್ಲ, ಬಂದವರಿಗೆ ಎದುರಿಗೇ ತೋರಿಸುತ್ತೇನೆ. ಕಹಿ ಗುಳಿಗೆ ನುಂಗಿಸುವ ಉಪಾಯವೂ ಹಾಗೇ. ಔಷಧ ಕೊಟ್ಟ ಮೇಲೆ ಎರಡು ಮೂರು ದಿನ ಉಚ್ಚೆ, ಹೇಲು ಗ್ಲೌಸ್ ಹಾಕಿಯೇ ತೆಗೆಯುತ್ತಿದ್ದೆ. ಮಗಳನ್ನು ಹತ್ತಿರ ಬಿಡಲಿಲ್ಲ.

ಔಷಧಕ್ಕೆ ಮುಂಚೆ ಪ್ರತಿ ಸಲ ರಕ್ತ ಪರೀಕ್ಷೆ. ಇದರಲ್ಲಿ ಬಹಳ ಒದ್ದಾಡಿದೆವು. ಮನುಷ್ಯರ ಲ್ಯಾಬಿನ ಮಷೀನಿಗೆ ನಾಯಿ ರಕ್ತ ಹಾಕಿದರೆ ಅದು ಹೇಳೋ ಸಂಖ್ಯೆಗಳನ್ನು ಪೂರ್ತಿ ನಂಬೋಕಾಗಲ್ಲ. ಒಬ್ಬ ಹಳೇ ಟೆಕ್ನಿಷಿಯನ್ ಸಿಕ್ಕರು. ಅವರು ಸ್ಲೈಡ್ ಮಾಡಿ, ಕಣ್ಣಲ್ಲೇ ಎಣಿಸಿ ಕೊಡುತ್ತಿದ್ದರು. ಒಂದು ಪರೀಕ್ಷೆಗೆ ಮುನ್ನೂರು ರೂಪಾಯಿ. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 2,000ಕ್ಕಿಂತ ಕಡಿಮೆ ಬಂದರೆ ಆ ವಾರ ಔಷಧ ಇಲ್ಲ ಅಂತ ನಾವು ಇಟ್ಟುಕೊಂಡಿದ್ದ ಗೆರೆ. ಒಮ್ಮೆ ಹಾಗೇ ಮುಂದೂಡಿದೆವು.

ಮಧ್ಯದಲ್ಲಿ ಪ್ಲೇಟ್‌ಲೆಟ್ ಇದ್ದಕ್ಕಿದ್ದ ಹಾಗೆ ಬಿದ್ದವು. ಮೂಗಲ್ಲಿ ಒಂದೆರಡು ಹನಿ ರಕ್ತ. ಕೀಮೋ ಕೊಡಬೇಡಿ ಅಂದವರೆಲ್ಲ "ನಾ ಹೇಳಲಿಲ್ಲೇನು" ಅಂತ ಶುರು ಮಾಡಿದರು. ನನಗೆ ಒಪ್ಪಿಗೆ ಆಗಲಿಲ್ಲ. ಕೀಮೋದಿಂದ ಆಗಿದ್ದರೆ ಮೊದಲು ಬೀಳಬೇಕಾದ ನ್ಯೂಟ್ರೋಫಿಲ್ ಚೆನ್ನಾಗಿಯೇ ಇದ್ದವು, ಜ್ವರ ಇತ್ತು. ಸ್ಲೈಡ್ ಇನ್ನೊಮ್ಮೆ ನೋಡಿಸಿದೆ. ಉಣ್ಣಿ ಜ್ವರ! ನಮ್ಮ ಕಡೆ ಬೇಸಿಗೆಯಲ್ಲಿ ಉಣ್ಣಿ ಎಷ್ಟಿರುತ್ತವೆ ಅಂತ ಗೊತ್ತಲ್ವಾ? ಡಾಕ್ಸಿಸೈಕ್ಲಿನ್ 28 ದಿನ ಕೊಟ್ಟೆವು, ಕೀಮೋ ಕೆಲ ವಾರ ನಿಲ್ಲಿಸಿ ಆಮೇಲೆ ಮುಂದುವರಿಸಿದೆವು. ಕೋರ್ಸ್ ಪೂರ್ತಿ ಮುಗಿಸಿದೆವು.

ಪ್ರೆಡ್ನಿಸೋಲೋನ್ ಇರುವಷ್ಟು ದಿನ ಭೀಮ ಬಕೆಟ್ ನೀರು ಕುಡಿಯುತ್ತಿದ್ದ, ರಾತ್ರಿ ಎರಡು ಸಲ ಹೊರಗೆ ಬಿಡಬೇಕಿತ್ತು. ಅದನ್ನು ಒಮ್ಮೆಗೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ಅದರ ಜೊತೆ ನೋವಿನ ಗುಳಿಗೆ ಬೇಡವೇ ಬೇಡ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಹೇಲು ಕಪ್ಪಗೆ ಅಂಟಂಟಾಗಿ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಓಡಿ. ಊಟದಲ್ಲೂ ಪ್ರಯೋಗ ಮಾಡಿದೆ. ಜೋಳದ ರೊಟ್ಟಿ ಬಿಡಿಸಿ ಬರೀ ಕೋಳಿ, ಮೊಟ್ಟೆ ಹಾಕಿದೆ ಎರಡು ತಿಂಗಳು. ಗಂಟಿಗೆ ಅದರಿಂದ ಏನಾಯ್ತೋ ನನಗೆ ಕಾಣಲಿಲ್ಲ, ತೂಕ ಮಾತ್ರ ಇಳಿಯಲಿಲ್ಲ. ಅರಿಶಿನ ಹಾಕಿದೆ, ಬಾಯಿ ಹಳದಿ ಆಯ್ತು ಅಷ್ಟೇ. ಕೂಲರ್ ಮುಂದೆ ಒದ್ದೆ ಗೋಣಿಚೀಲ ಹಾಸಿದ್ದು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂತು. ಕೀಮೋ ಮಾರನೇ ದಿನ ಅದರ ಮೇಲೇ ಮಲಗಿ ಊಟ ಮಾಡುತ್ತಿದ್ದ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಕಾಯಿಲೆ ಬಂದ ನಾಯಿಗೆ ಬೇರೆ ಜಾಗದಲ್ಲಿ ಹೊಸದಾಗಿಯೂ ಬರಬಹುದು. ಹಾಗಾಗಿ ಹುಡುಕೋದನ್ನು ನಿಲ್ಲಿಸಲೇಬಾರದು. ಗ್ರಾಫ್ ಹಾಳೆಯಲ್ಲಿ ಭೀಮನ ಎಡಮೈ, ಬಲಮೈ, ಹೊಟ್ಟೆ ಮೂರೂ ಬರೆದುಕೊಂಡೆ. ಪ್ರತಿ ಭಾನುವಾರ ಸ್ನಾನ ಆದ ಮೇಲೆ, ಮೈ ಒದ್ದೆ ಇರುವಾಗಲೇ, ಮೂಗಿನಿಂದ ಬಾಲದ ತನಕ ಬೆರಳಲ್ಲಿ ಸವರುತ್ತೇವೆ. ಕಿವಿ ಹಿಂದೆ, ಬೆರಳ ಸಂದಿ, ತುಟಿ ಒಳಗೆ, ವೃಷಣದ ಚೀಲದ ಹತ್ತಿರ. ಸಿಕ್ಕದ್ದನ್ನು ಅಂಗಡಿಯ ವರ್ನಿಯರಿನಿಂದ ಹಗುರವಾಗಿ ಅಳೆದು, ತಾರೀಖು ಹಾಕಿ ಗುರುತು ಮಾಡುತ್ತೇವೆ. ಒತ್ತಿ ಹಿಸುಕಬಾರದು. ಮಗಳ ಬೆರಳು ನನಗಿಂತ ಚುರುಕು. ಎದೆಯ ಬಲಗಡೆ ಜೋಳದ ಕಾಳಿನಷ್ಟು ಇದ್ದದ್ದನ್ನು ಅವಳೇ ಹಿಡಿದಳು. "ಅಪ್ಪಾ, ಇಲ್ಲೊಂದು ಐತಿ ನೋಡು." ನಾನು ಮೂರು ಸಲ ಸವರಿದ ಮೇಲೆ ಸಿಕ್ಕಿತು, 4 ಮಿಲಿಮೀಟರ್ ಇತ್ತು. ಸೂಜಿ ಹಾಕಿಸಿದೆವು, ಅದೂ ಮಾಸ್ಟ್ ಸೆಲ್ಲೇ. ಆ ಹುಡುಗ ಡಾಕ್ಟರೇ ರಾಯಚೂರಿನಲ್ಲಿ ಸುತ್ತಲಿನ ಚರ್ಮವನ್ನೂ ಧಾರಾಳವಾಗಿ ಸೇರಿಸಿ ತೆಗೆದ. ತುಂಡು ಹೈದರಾಬಾದಿಗೆ ಹೋಯ್ತು, ಅಂಚುಗಳು ಶುದ್ಧ ಅಂತ ಬಂತು. ಖರ್ಚು ಎಂಟು ಸಾವಿರದ ಒಳಗೆ. ಮೊದಲ ಗಂಟು ಇಷ್ಟೇ ಇದ್ದಾಗ ಯಾರ ಕೈಗಾದರೂ ಸಿಕ್ಕಿದ್ದರೆ ಲಕ್ಷದ ಖರ್ಚು ಇರುತ್ತಿರಲಿಲ್ಲ. ಹೌದು, ಎಲ್ಲ ಸೇರಿ ಲಕ್ಷದ ಮೇಲೆ ಇಪ್ಪತ್ತೋ ಮೂವತ್ತೋ ಸಾವಿರ ಆಗಿರಬೇಕು. ಒಂದು ರೂಪಾಯಿಯೂ ನನಗೆ ಭಾರ ಅನಿಸಿಲ್ಲ.

ಮಾವನವರು ಹೋದ ದೀಪಾವಳಿಗೆ ಬಂದಾಗ ಭೀಮನಿಗೆ ತಾವೇ ಕೋಳಿ ತಂದಿದ್ದರು.

ಹೋದ ತಿಂಗಳು ಪಕ್ಕೆಲುಬಿನ ಮೇಲೆ ಇನ್ನೊಂದು ಸಿಕ್ಕಿತು, ಮೆತ್ತಗೆ, ಶೇಂಗಾ ಬೀಜದಷ್ಟು. ಮುಟ್ಟಿದರೆ ಕೊಬ್ಬಿನ ಗಂಟೇ ಅನಿಸುತ್ತದೆ. ಮೊದಲನೆಯದನ್ನೂ ಹಾಗೇ ಅಂದಿದ್ದರಲ್ಲ, ಅದಕ್ಕೇ ನಾನೂರು ರೂಪಾಯಿ ಕೊಟ್ಟು ಸೂಜಿ ಹಾಕಿಸಿದೆ. ಈ ಸಲ ನಿಜವಾಗಿಯೂ ಕೊಬ್ಬೇ. ಆದರೂ ಹಾಳೆಯಲ್ಲಿ ಗುರುತು ಹಾಕಿದ್ದೇನೆ, ಪ್ರತಿ ಭಾನುವಾರ ಅಳೆಯುತ್ತಿದ್ದೇವೆ. ಖಾಲಿ ಹಾಳೆಯ ಜೆರಾಕ್ಸ್ ಅಂಗಡಿಯಲ್ಲಿ ಇಟ್ಟಿದ್ದೇನೆ, ಬೇಕಾದವರು ಬಂದು ತೆಗೆದುಕೊಳ್ಳಿ, ಲಸಿಕೆ ಡಬ್ಬಿಯನ್ನೂ ಒಯ್ದು ವಾಪಸ್ ಕೊಡಿ.