ಲೇಸರ್ ಕೇಳುವ ಮೊದಲು ಮಿಲಿಮೀಟರ್ ಕೇಳಿ

ಮಂಡ್ಯದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರ ಪಕ್ಕ ನಿಂತು ಸಕ್ಷನ್ ಹಿಡಿಯುವುದು, ಸಾಮಾನನ್ನು ಆವಿಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್‌ಗೆ ಹಾಕುವುದು, ಚಾರ್ಟ್ ಬರೆಯುವುದು ನನ್ನ ಕೆಲಸ. ಈಚೀಚೆಗೆ ಚೇರಿನ ಮೇಲೆ ಕೂರುವ ಮುಂಚೆಯೇ ಬರುವ ಮಾತು: "ಲೇಸರಲ್ಲೇ ಮಾಡ್ಬುಡಿ ಕನಕ್ಕಾ, ನೋವಾಗಕಿಲ್ವಂತೆ." ವಸಡಲ್ಲಿ ರಕ್ತ, ಬಾಯಿ ವಾಸನೆ, ಹಲ್ಲು ಅಲ್ಲಾಡುವುದು ಇಂಥವಕ್ಕೆ ಲೇಸರೂ ಒಂದು ದಾರಿ, ನಿಜ. ಆದರೆ ನೀವು ಮೊದಲು ಕೇಳಬೇಕಾದ್ದು, "ಪಾಕೆಟ್ ಎಷ್ಟು ಮಿಲಿಮೀಟರ್ ಇದೆ?" ಅಂತ.

ಪಾಕೆಟ್ ಅಂದರೆ ಹಲ್ಲಿಗೂ ವಸಡಿಗೂ ನಡುವಿನ ಸಂದು. ತುದಿ ಮೊಂಡಾದ, ಮೈಮೇಲೆ ಕಪ್ಪು ಗೆರೆಗಳಿರುವ ಒಂದು ಸಣ್ಣ ಕಡ್ಡಿ ಇದೆ, ಪ್ರೋಬ್ ಅನ್ನುತ್ತೇವೆ. ಅದನ್ನು ಆ ಸಂದಿಗೆ ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಅಳೆಯುತ್ತಾರೆ. "ಮೂರು, ಎರಡು, ಮೂರು. ಐದು, ನಾಲ್ಕು, ಆರು, ರಕ್ತ" ಎಂದು ಡಾಕ್ಟರು ಹೇಳುತ್ತಾ ಹೋಗುತ್ತಾರೆ, ನಾನು ಬರೆಯುತ್ತಾ ಹೋಗುತ್ತೇನೆ. ಮೂರರವರೆಗೆ ಇದ್ದರೆ ಚಿಂತೆಯಿಲ್ಲ. ನಾಲ್ಕು, ಐದು ಬಂದರೆ ಕಿಟ್ಟ, ಅಂದರೆ ಹಲ್ಲಿಗೆ ಕಟ್ಟಿ ಕಲ್ಲಾದ ಪಾಚಿ, ವಸಡಿನ ಕೆಳಗೆ ಇಳಿದಿರುವ ಸಾಧ್ಯತೆ ಹೆಚ್ಚು. ಆರು ದಾಟಿದರೆ ಒಳಗಿನ ಮೂಳೆ ಎಷ್ಟು ಕರಗಿದೆ ಅಂತ ಎಕ್ಸ್‌ರೇಯಲ್ಲಿ ನೋಡಲೇಬೇಕು. ಅಳತೆಯೂ ಇಲ್ಲದೆ, ಎಕ್ಸ್‌ರೇಯೂ ಇಲ್ಲದೆ, ಬಾಯಿಗೆ ಟಾರ್ಚ್ ಬಿಟ್ಟ ಕೂಡಲೇ "ಲೇಸರ್ ಪ್ಯಾಕೇಜ್" ಅಂತ ಶುರುಮಾಡಿದರೆ, ನಮಸ್ಕಾರ ಹೇಳಿ ಎದ್ದು ಬನ್ನಿ.

ಬರೀ ರಕ್ತ ಬರುತ್ತಿದೆ, ಅಳತೆ ಮೂರರೊಳಗೇ ಇದೆ ಅಂದರೆ ಸ್ಕೇಲಿಂಗ್ ಸಾಕು. ನೀರು ಚಿಮ್ಮಿಸುತ್ತಾ ಸಣ್ಣಗೆ ಕಂಪಿಸುವ ತುದಿ ಕಿಟ್ಟವನ್ನು ಬಿಡಿಸುತ್ತದೆ. ಆಮೇಲೆ ಸರಿಯಾಗಿ ಉಜ್ಜಿದರೆ ವಸಡು ಮೊದಲಿನಂತಾಗುತ್ತದೆ. ರಕ್ತ ಬರುವ ಜಾಗಕ್ಕೆ ಬ್ರಶ್ ತಾಕಿಸದೆ ಬಿಡುವವರೇ ಹೆಚ್ಚು, ಅದರಿಂದ ಇನ್ನಷ್ಟು ಪಾಚಿ ಕಟ್ಟಿ ರೋಗ ಬೆಳೆಯುತ್ತದೆ. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡ್ಲ ಆಯ್ತದಂತೆ" ಅನ್ನುವ ಮಾತು ನಾನು ಕೇಳದ ವಾರವೇ ಇಲ್ಲ. ನಿಜ ಏನೆಂದರೆ, ಅಂಥವರ ಮೂಳೆ ಮೊದಲೇ ಕರಗಿರುತ್ತದೆ, ಸಡಿಲವಾದ ಹಲ್ಲುಗಳನ್ನು ಆ ಕಿಟ್ಟವೇ ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ತೆಗೆದಾಗ ಇರುವ ವಿಷಯ ಬಯಲಾಗುತ್ತದೆ, ಅಷ್ಟೆ.

ನಾಲ್ಕು ಮತ್ತು ಅದಕ್ಕೆ ಮೇಲಿದ್ದರೆ ಡೀಪ್ ಕ್ಲೀನಿಂಗ್. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನ ಮೇಲಿರುವ ಕಿಟ್ಟವನ್ನು ಕೆರೆದು ನಯಮಾಡುತ್ತಾರೆ. ಒಂದು ದಿನ ಬಾಯಿಯ ಒಂದು ಪಕ್ಕ, ಇನ್ನೊಂದು ದಿನ ಇನ್ನೊಂದು ಪಕ್ಕ ಮಾಡುವುದು ರೂಢಿ. ಕೆಲವು ವಾರ ತಣ್ಣೀರು ಜುಂ ಅನ್ನುತ್ತದೆ, ಊತ ಇಳಿದು ಹಲ್ಲಿನ ಸಂದು ದೊಡ್ಡದಾಗಿ ಕಾಣುತ್ತದೆ. ಗಾಬರಿ ಬೇಡ. ಆರು ವಾರದಿಂದ ಮೂರು ತಿಂಗಳೊಳಗೆ ಮತ್ತೆ ಅಳೆಸಲೇಬೇಕು. ಜನ ತಪ್ಪಿಸಿಕೊಳ್ಳುವುದು ಈ ಮರುಭೇಟಿಯನ್ನೇ, ಮುಂದಿನ ತೀರ್ಮಾನವೆಲ್ಲ ನಿಂತಿರುವುದೂ ಅದರ ಮೇಲೇ.

ಜೊತೆಗೆ ಕೊಡುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹೇಳಿದಷ್ಟು ದಿನ ಮಾತ್ರ, ಸಾಮಾನ್ಯವಾಗಿ ಎರಡು ವಾರ. ತಿಂಗಳುಗಟ್ಟಲೆ ಮುಕ್ಕಳಿಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ನುಂಗಬೇಡಿ. ಕಲ್ಲಾಗಿರುವ ಕಿಟ್ಟ ಮಾತ್ರೆಗೆ ಕರಗುವುದಿಲ್ಲ.

ಈಗ ಲೇಸರ್. ಹೆಚ್ಚಿನ ಕ್ಲಿನಿಕ್‌ಗಳಲ್ಲಿರುವುದು ಡಯೋಡ್ ಲೇಸರ್, ಅದರ ಬೆಳಕಿನ ತರಂಗಾಂತರ 810ರಿಂದ 980 ನ್ಯಾನೋಮೀಟರ್ ಆಸುಪಾಸು. ಕೂದಲಿನಂಥ ನಾರಿನ ತುದಿಯನ್ನು ಪಾಕೆಟ್ಟಿಗೆ ಇಳಿಸಿದರೆ ಊದಿದ ಒಳಪದರವನ್ನು ಸುಡುತ್ತದೆ, ರೋಗಾಣು ತಗ್ಗಿಸುತ್ತದೆ, ರಕ್ತಸ್ರಾವ ಕಡಿಮೆ. ಆದರೆ ಅದು ಕಿಟ್ಟ ತೆಗೆಯುವುದಿಲ್ಲ, ಕೆರೆಯುವ ಕೆಲಸ ಹೇಗೂ ಇದ್ದೇ ಇದೆ. 2940 ನ್ಯಾನೋಮೀಟರಿನ ಎರ್ಬಿಯಂ ಯಾಗ್ ಅನ್ನುವ ಇನ್ನೊಂದು ಲೇಸರ್ ಕಿಟ್ಟದ ಮೇಲೂ ಕೆಲಸ ಮಾಡುತ್ತದೆ, ಆದರೆ ಯಂತ್ರ ದುಬಾರಿ. 1064 ನ್ಯಾನೋಮೀಟರಿನ ನಿಯೋಡಿಮಿಯಂ ಯಾಗ್ ಲೇಸರ್ ಬಳಸುವ, ಲನಾಪ್ ಅನ್ನುವ ವಸಡು ಚಿಕಿತ್ಸೆಯ ವಿಧಾನಕ್ಕೆ ಅಮೆರಿಕದ ಔಷಧ, ಉಪಕರಣ ನಿಯಂತ್ರಕ ಸಂಸ್ಥೆ ಎಫ್‌ಡಿಎ 2004ರಲ್ಲೇ ಅನುಮತಿ ಕೊಟ್ಟಿದೆ. ಹಾಗಂತ ಎಲ್ಲರಿಗೂ ಬೇಕು ಅಂತಲ್ಲ. ಡೀಪ್ ಕ್ಲೀನಿಂಗ್ ಜೊತೆಗೆ ಲೇಸರ್ ಹೊಡೆಸಿದರೆ ಪಾಕೆಟ್ಟಿನ ಆಳ ಹೆಚ್ಚುವರಿಯಾಗಿ ಇಳಿಯುವುದು ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ. ಯುರೋಪಿನ ವಸಡು ತಜ್ಞರ ಒಕ್ಕೂಟ 2020ರ ಮಾರ್ಗಸೂಚಿಯಲ್ಲಿ, ಕ್ಲೀನಿಂಗ್ ಜೊತೆಗೆ ಲೇಸರ್ ಬೇಡ ಎಂದೇ ಸಲಹೆ ಕೊಟ್ಟಿದೆ.

ಲೇಸರ್ ಮಾಡಿಸುವುದಾದರೆ ಯಾವ ಲೇಸರ್, ಯಾವ ಹಲ್ಲಿಗೆ, ಕೆರೆಯುವುದೂ ಸೇರಿದೆಯೇ ಎಂದು ಕೇಳಿ. ನಿಮ್ಮ ಕಣ್ಣಿಗೂ ಲೇಸರ್ ತಡೆಯುವ ಕನ್ನಡಕ ಹಾಕಲೇಬೇಕು. ಬಿಪಿಯ ಆಮ್ಲೋಡಿಪಿನ್ ಅಥವಾ ಫಿಟ್ಸಿನ ಫೆನಿಟಾಯಿನ್ ಮಾತ್ರೆಯಿಂದ ಬೆಳೆದು ಹಲ್ಲು ಮುಚ್ಚಿದ ವಸಡನ್ನು ಕತ್ತರಿಸಿ ತೆಗೆಯಲು ಲೇಸರ್ ಚೆನ್ನಾಗಿದೆ, ರಕ್ತ ಅಷ್ಟಾಗಿ ಕಾಣುವುದಿಲ್ಲ. ಮದುವೆ ಫೋಟೋಗೆ ಅಂತ ಕಪ್ಪು ವಸಡನ್ನು ಕೆಂಪು ಮಾಡಿಸಲು ಬರುವವರೂ ಇದ್ದಾರೆ. ನಮ್ಮ ಕಡೆಯವರ ವಸಡು ಕಪ್ಪಗಿರುವುದು ಮೈಬಣ್ಣದಷ್ಟೇ ಸಹಜ, ರೋಗ ಅಂದುಕೊಂಡು ದುಡ್ಡು ಸುರಿಯಬೇಡಿ.

ಮರುಅಳತೆಯಲ್ಲೂ ಆರು ಮತ್ತು ಹೆಚ್ಚು ಉಳಿದಿದ್ದರೆ ಫ್ಲ್ಯಾಪ್ ಸರ್ಜರಿ: ವಸಡು ಬಿಡಿಸಿ, ಕಣ್ಣಾರೆ ನೋಡಿ ಚೊಕ್ಕಟ ಮಾಡಿ, ಮೂಳೆಯಲ್ಲಾದ ಗುಂಡಿಯ ಆಕಾರ ಒಪ್ಪಿದರೆ ಮೂಳೆಪುಡಿ ತುಂಬಿ ಹೊಲಿಯುತ್ತಾರೆ. ಹೆಸರು ಕೇಳಿದಷ್ಟು ಭಯಂಕರವಲ್ಲ, ಮರಗಟ್ಟಿಸಿ ಮಾಡುವುದು, ಅವತ್ತೇ ಮನೆಗೆ.

ಖಾಸಗಿ ಖರ್ಚು ಹೊರೆಯಾದರೆ ಮೈಸೂರಿಗೆ ರೈಲು ಹತ್ತಿ. ಬನ್ನಿಮಂಟಪದ ಜೆಎಸ್‌ಎಸ್ ದಂತ ಕಾಲೇಜಿನಲ್ಲೂ, ಫಾರೂಕಿಯಾ ದಂತ ಕಾಲೇಜಿನಲ್ಲೂ ಪೆರಿಯೋಡಾಂಟಿಕ್ಸ್ ವಿಭಾಗವಿದೆ, ಅಂದರೆ ವಸಡಿನ ವಿಭಾಗ. ಕಾಲೇಜುಗಳಲ್ಲಿ ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ ಕಣ್ಗಾವಲಲ್ಲಿ ಮಾಡುತ್ತಾರೆ, ನಿಧಾನ, ಅರ್ಧ ದಿನ ಇಟ್ಟುಕೊಂಡೇ ಹೋಗಿ. ಆ ನಿಧಾನವೇ ನನಗಿಷ್ಟ, ಒಂದು ಹಲ್ಲೂ ಬಿಡದೆ ಅಳೆಯುತ್ತಾರೆ.

ಶುಗರ್ ಇದ್ದವರು ಈಚಿನ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಿಪೋರ್ಟ್ ತನ್ನಿ. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡಿನ ಸೋಂಕು ಶುಗರನ್ನೂ ಏರಿಸುತ್ತದೆ. ಕಡ್ಡಿಪುಡಿ, ಬೀಡಿ ಬಿಡದೆ ಯಾವ ಲೇಸರಿಗೆ ದುಡ್ಡು ಕೊಟ್ಟರೂ ದಂಡ. ಬೀಡಿ ಸೇದುವವರಿಗೆ ರಕ್ತವೇ ಹೆಚ್ಚು ಬರುವುದಿಲ್ಲ, ಹಾಗಾಗಿ ರೋಗ ಗೊತ್ತಾಗುವುದೂ ತಡ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲಿ ಮೆತ್ತನೆ ಬ್ರಶ್ಶನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, ಸಣ್ಣಗೆ ಅಲುಗಿಸಿ, ಎರಡು ಹೊತ್ತು, ಎರಡೆರಡು ನಿಮಿಷ. ಇದ್ದಿಲು, ಇಟ್ಟಿಗೆ ಪುಡಿ ಬೇಡ. ಸಂದು ಅಗಲವಾಗಿರುವ ಕಡೆ ಇಂಟರ್‌ಡೆಂಟಲ್ ಬ್ರಶ್, ಅಂದರೆ ಹಲ್ಲಿನ ಸಂದಿಗೆ ತೂರಿಸುವ ಪುಟ್ಟ ಬ್ರಶ್ ಹಾಕಿ, ಅದರ ಸೈಜು ನಮ್ಮಂಥವರನ್ನು ಕೇಳಿ ತಗೊಳ್ಳಿ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ. ಕೆನ್ನೆ ಊದಿ ಜ್ವರ ಬಂದರೆ, ನುಂಗಲು, ಬಾಯಿ ತೆರೆಯಲು ಕಷ್ಟವಾದರೆ ಮಾತ್ರ ಯಾವ ಅಪಾಯಿಂಟ್‌ಮೆಂಟೂ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.