ಕ್ರಿಯಾಪದ ಬಿಟ್ಟು ಕನ್ನಡ ಕಲಿಸಿದೆ

ತೀರ್ಥಹಳ್ಳಿಯ ನಮ್ಮ ಮನೆ ಮಹಡಿಗೆ ಬಾಡಿಗೆಗೆ ಬಂದ ಹುಡುಗ ಬಿಹಾರದವನು, ಬ್ಯಾಂಕಿನಲ್ಲಿ ಕೆಲಸ. "ಕನ್ನಡ ಕಲಿಸಿಕೊಡಿ ಆಂಟಿ" ಅಂದ. ನಾನು ಶಾಲೆಯಲ್ಲಿ ಕಲಿತ ಹಾಗೇ ಮಾಡುತ್ತೇನೆ, ಮಾಡುತ್ತೀಯೆ, ಮಾಡುತ್ತಾನೆ ಅಂತ ಶುರು ಮಾಡಿದೆ. ಹದಿನೈದು ದಿನ ಕಳೆದರೂ ಕೌಂಟರಿನಲ್ಲಿ ಬಾಯಿ ಬಿಡಲು ಅವನಿಗೆ ಧೈರ್ಯ ಬರಲಿಲ್ಲ.

ಒಂದು ಸಂಜೆ ಅಂಗಳದಲ್ಲಿ ಒಣಹಾಕಿದ್ದನ್ನು ತೋರಿಸಿ "ಇದು ಅಡಿಕೆ ಇದೆ" ಅಂದ. ತಪ್ಪು ಅಂತ ಗೊತ್ತು, ಯಾಕೆ ಅಂತ ಹೇಳಲು ನನಗೆ ಬರಲಿಲ್ಲ. ರಾತ್ರಿ ಹೊಳೆಯಿತು. ಹಿಂದಿಯಲ್ಲಿ ಕೊನೆಗೆ 'ಹೈ' ಬೇಕು, ನಮಗೆ 'ಇದು ಅಡಿಕೆ' ಅಂದರೆ ಮುಗಿಯಿತು. ತಮಿಳಿನ 'ಅವನ್ ಎನ್ ತಂಬಿ', ತೆಲುಗಿನ 'ಅತನು ನಾ ತಮ್ಮುಡು' ಕೂಡ ಹಾಗೇ, ಎಲ್ಲೂ ಕ್ರಿಯಾಪದ ಇಲ್ಲ. ಮಲಯಾಳದವರು ಮಾತ್ರ 'ಆಣ್' ಸೇರಿಸುತ್ತಾರೆ.

ಮರುದಿನದಿಂದ ಕ್ರಿಯಾಪದ ಪೂರ್ತಿ ಬಿಟ್ಟೆ. ನಿಮ್ಮ ಹೆಸರೇನು? ಊರು ಯಾವುದು? ಇದು ಯಾರ ಪಾಸ್‌ಬುಕ್? ನನಗೆ ಇಬ್ಬರು ತಂಗಿಯರು. ಇವತ್ತು ನನಗೆ ಜ್ವರ. ವಾರದೊಳಗೆ ಬ್ಯಾಂಕಿಗೆ ಬಂದವರ ಜೊತೆ ಮಾತಾಡತೊಡಗಿದ, ನನಗಂತೂ ತುಂಬಾ ಖುಷಿ.

'ದೊಡ್ಡ ಮನೆ' ಅವನಿಗೆ ಬೇಗ ಬಂತು. ಆದರೆ 'ಮನೆ ದೊಡ್ಡ' ಅಂತ ನಿಲ್ಲಿಸುವಂತಿಲ್ಲ, 'ಮನೆ ದೊಡ್ಡದು' ಆಗಬೇಕು, ಜನರಾದರೆ ದೊಡ್ಡವನು, ದೊಡ್ಡವಳು, ದೊಡ್ಡವರು. ಕ್ರಿಯಾಪದ ಹೇಳಬೇಕಿದ್ದ ಲಿಂಗ, ವಚನವನ್ನು ಇಲ್ಲಿ ಆ ಕೊನೆಯ ತುಂಡೇ ಹೇಳುತ್ತದೆ, ಅಲ್ವಾ? 'ಈ ಮೀನು ಬೆಳಿಗ್ಗೆ ತಂದದ್ದು' ಅನ್ನುವುದೂ ಇದೇ ಜಾತಿಯ ಮಾತು.

ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿದದ್ದು ಅಲ್ಲ ಮತ್ತು ಇಲ್ಲ. ಹಿಂದಿಯಲ್ಲಿ ಎರಡಕ್ಕೂ 'ನಹೀಂ'. ಒಬ್ಬರು ಅಜ್ಜಿಗೆ "ಇದು ನಿಮ್ಮ ಪಾಸ್‌ಬುಕ್ ಇಲ್ಲ" ಅಂದುಬಿಟ್ಟ, ಪಾಸ್‌ಬುಕ್ಕೇ ಕಳೆದುಹೋಯಿತು ಅಂತ ಅವರು ಗಾಬರಿಯಾದರಂತೆ. ಅಡುಗೆಮನೆಯಲ್ಲೇ ಪಾಠ ಮಾಡಿದೆ. ಲೋಟ ಮುಂದಿಟ್ಟು "ಇದು ಕಾಫಿಯಾ?" ಅಂದರೆ "ಅಲ್ಲ, ಕಷಾಯ". "ಕಾಫಿ ಇದೆಯಾ?" ಅಂದರೆ "ಇಲ್ಲ". ದಿನಾ ಸಂಜೆ ಹೀಗೇ ಕೇಳಿ ಕೇಳಿ ನಾಲಿಗೆಗೆ ಕೂತಿತು.

ಆಮೇಲೆ "ನನ್ನ ಅಪ್ಪ ಮೇಷ್ಟ್ರು" ಅಂದ. ಈಗ ರಿಟೈರ್ ಆಗಿದ್ದಾರೆ ಅಂತ ಗೊತ್ತಾದ ಮೇಲೆ 'ಮೇಷ್ಟ್ರಾಗಿದ್ದರು' ಹೇಳಿಕೊಟ್ಟೆ. ನಿನ್ನೆಯ ಮಾತು ಬಂದರೆ ಆಗು, ಇರು ಬೇಕೇ ಬೇಕು. ಹಾಗಾಗಿ ಅವನು ಕಲಿತ ಮೊದಲ ಕ್ರಿಯಾಪದಗಳು ಇವೆರಡು. 'ಮಾಡುತ್ತೇನೆ'ಗೆ ಮತ್ತೆ ಕೈ ಹಾಕಿದ್ದು ಮೂರನೇ ತಿಂಗಳಲ್ಲಿ.